ತೋಟದ ರಸ್ತೆಗೆ ಹಿಮಾಲಯನ್ 450 ಸರಿಹೋಗುತ್ತಾ?

ಪ್ರಶ್ನೆ: ಸರ್, ನಾನು ಸಕಲೇಶಪುರದ ಹತ್ತಿರ ಸಣ್ಣ ಕಾಫಿ ಬೆಳೆಗಾರ. ಎತ್ತರ 5 ಅಡಿ 5 ಇಂಚು, ತೂಕ 62 ಕೆಜಿ. ಇಲ್ಲೀವರೆಗೆ ಓಡಿಸಿದ್ದು ಸ್ಪ್ಲೆಂಡರ್ ಮಾತ್ರ. ತೋಟದ ಮನೆಯಿಂದ ಟಾರು ರಸ್ತೆಗೆ 3 ಕಿ.ಮೀ. ಮಣ್ಣು ರಸ್ತೆ ಇದೆ, ದಿನಾ ಓಡಾಡಬೇಕು. ತಿಂಗಳಿಗೊಮ್ಮೆ ಹೆಂಡತಿ ಜೊತೆ ಬೆಂಗಳೂರಿಗೆ ಹೋಗುತ್ತೇನೆ. ಇಬ್ಬರೂ ಒಂದು ಸಲ ಲಡಾಖ್‌ಗೆ ಹೋಗಿಬರಬೇಕು ಅಂತ ಆಸೆ. ಈ ಸಲ ಕಾಫಿಗೆ ಒಳ್ಳೆ ರೇಟ್ ಸಿಕ್ಕಿದೆ. ಸ್ಪ್ಲೆಂಡರ್ ಎಕ್ಸ್‌ಚೇಂಜಿಗೆ ಹಾಕಿ ಹಿಮಾಲಯನ್ 450 ತಗೋಬೇಕು ಅಂತಿದ್ದೇನೆ. ಭಾವ ಕೆಟಿಎಂ 390 ಅಡ್ವೆಂಚರ್ ತಗೋ ಅಂತಾರೆ. ಗೆಳೆಯ ಎಕ್ಸ್‌ಪಲ್ಸ್ ಸಾಕು ಅಂತಾನೆ. ಯಾವುದು ಸರಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ತುಂಬ ಇಷ್ಟವಾದದ್ದು ನೀವು ಎತ್ತರ, ತೂಕ ಎರಡನ್ನೂ ಬರೆದಿರುವುದು. ಅಡ್ವೆಂಚರ್ ಬೈಕ್ ಬಗ್ಗೆ ಕೇಳುವವರಲ್ಲಿ ಹೆಚ್ಚಿನವರು ಸಿಸಿ ಎಷ್ಟು, ಪವರ್ ಎಷ್ಟು, ಟಾಪ್ ಸ್ಪೀಡ್ ಎಷ್ಟು ಅಂತ ಶುರು ಮಾಡುತ್ತಾರೆ. ನಿಮ್ಮ ವಿಷಯದಲ್ಲಿ ತೀರ್ಮಾನ ಮಾಡಬೇಕಾದದ್ದು ಬೇರೆ ಎರಡು ಅಂಕಿ. ಬೈಕಿನ ತೂಕ ಎಷ್ಟು, ಸೀಟಿನ ಎತ್ತರ ಎಷ್ಟು. ಅದನ್ನೇ ಮೊದಲು ನೋಡೋಣ.

ರಾಯಲ್ ಎನ್‌ಫೀಲ್ಡ್‌ನ ಹಿಮಾಲಯನ್ 450 ಪೆಟ್ರೋಲ್ ಸಮೇತ 196 ಕೆಜಿ ತೂಗುತ್ತದೆ. ಸೀಟು 825 ಮಿ.ಮೀ. ಎತ್ತರದಲ್ಲಿದೆ. ಬೇಕಾದರೆ 845ಕ್ಕೆ ಏರಿಸಬಹುದು, ನಿಮಗೆ ಅದು ಬೇಡ. ನೀವು ಈಗ ಓಡಿಸುತ್ತಿರುವ ಸ್ಪ್ಲೆಂಡರ್ ಸುಮಾರು 112 ಕೆಜಿ, ಸೀಟು 785 ಮಿ.ಮೀ. ಅಂದರೆ ಹೊಸ ಬೈಕು 84 ಕೆಜಿ ಜಾಸ್ತಿ, 4 ಸೆಂ.ಮೀ. ಎತ್ತರ. ಶೋರೂಂ ಮುಂದಿನ ಕಾಂಕ್ರೀಟ್ ನೆಲದ ಮೇಲೆ ಇದು ಗೊತ್ತೇ ಆಗುವುದಿಲ್ಲ. ಕೂತರೆ ಸ್ಪ್ರಿಂಗ್ ಸ್ವಲ್ಪ ಕೆಳಗೆ ಇಳಿಯುತ್ತದೆ, ಎರಡೂ ಪಾದದ ಮುಂಭಾಗ ನೆಲಕ್ಕೆ ತಾಗುತ್ತದೆ. ಆರಾಮಾಗಿದೆ ಅಂತ ಅನ್ನಿಸುತ್ತದೆ.

ಈಗ ಅದೇ ಬೈಕನ್ನು ಜುಲೈ ತಿಂಗಳಲ್ಲಿ ನಿಮ್ಮ ತೋಟದ ರಸ್ತೆಗೆ ತನ್ನಿ. ಟ್ರ್ಯಾಕ್ಟರು, ಪಿಕಪ್ಪು ಓಡಾಡಿ ಎರಡು ಕಡೆ ಗಾಲಿ ಗುಂಡಿ ಬಿದ್ದಿದೆ. ನಡುವೆ ಹುಲ್ಲಿನ ದಿಬ್ಬ. ಎದುರಿಗೆ ಒಂದು ಜೀಪು ಬಂತು. ನೀವು ಏರಿನ ಮಧ್ಯದಲ್ಲಿ ನಿಲ್ಲಿಸಬೇಕು. ಮುಂದಿನ ಗಾಲಿ ದಿಬ್ಬದ ಮೇಲೆ, ನಿಮ್ಮ ಎಡಗಾಲು ಇಡಬೇಕಾದ ಜಾಗ ಗುಂಡಿಯಲ್ಲಿ. ಆ ನೆಲ ಅರ್ಧ ಅಡಿ ಕೆಳಗಿದೆ. ಕಾಲು ಸಿಗುವುದಿಲ್ಲ. ಬೈಕು ಒಂದು ಕಡೆ ವಾಲುತ್ತದೆ, ಒಂದು ಹಂತ ದಾಟಿದ ಮೇಲೆ 196 ಕೆಜಿಯನ್ನು ಯಾರೂ ಹಿಡಿದು ನಿಲ್ಲಿಸಲಾರರು. ಸ್ಪ್ಲೆಂಡರಿನಲ್ಲಿ ಇದೇ ಜಾಗದಲ್ಲಿ ನೀವು ಎಷ್ಟೋ ಸಲ ಕಾಲು ಕೊಟ್ಟು ಉಳಿದಿರುತ್ತೀರಿ. ನೆನಪು ಕೂಡ ಇರುವುದಿಲ್ಲ, ಯಾಕೆಂದರೆ ಬೈಕ್ ಬೀಳಲಿಲ್ಲ.

ನಾನು ಮಣ್ಣು ರಸ್ತೆಯಲ್ಲಿ ಬೈಕ್ ಓಡಿಸುವುದನ್ನು ಕಲಿಸುವವನು. ಕಲಿಯಲು ಬರುವವರು ವೇಗದಲ್ಲಿ ಬೀಳುವುದು ಕಡಿಮೆ. ನಿಂತಲ್ಲಿ, ತಿರುಗಿಸುವಾಗ, ಏರಿನಲ್ಲಿ ಇಂಜಿನ್ ಆಫ್ ಆದಾಗ ಬೀಳುವುದೇ ಜಾಸ್ತಿ. ಬೀಳುವುದು ತಪ್ಪೇನಲ್ಲ, ಮಣ್ಣು ರಸ್ತೆಯಲ್ಲಿ ಅದು ಇದ್ದದ್ದೇ. ಆದರೆ ಬಿದ್ದ ಬೈಕನ್ನು ಒಬ್ಬರೇ ಎತ್ತಬಲ್ಲಿರಾ ಅನ್ನುವುದು ಮುಖ್ಯ. ತೋಟದ ರಸ್ತೆಯಲ್ಲಿ ಸಂಜೆ ಆರು ಗಂಟೆಗೆ ಮಳೆ ಸುರಿಯುವಾಗ ಸಹಾಯಕ್ಕೆ ಯಾರು ಸಿಗುತ್ತಾರೆ ಹೇಳಿ.

ಎತ್ತುವ ರೀತಿ ಗೊತ್ತಿದ್ದರೆ 62 ಕೆಜಿಯ ನೀವು 196 ಕೆಜಿ ಬೈಕನ್ನು ಎತ್ತಬಹುದು. ಮೊದಲು ಕೀ ಆಫ್ ಮಾಡಿ. ಬೈಕು ಬಲಕ್ಕೆ ಬಿದ್ದಿದ್ದರೆ ಎಡಗಡೆಯ ಸೈಡ್ ಸ್ಟ್ಯಾಂಡನ್ನು ಮೊದಲೇ ಬಿಚ್ಚಿ ಇಡಿ. ಇಲ್ಲದಿದ್ದರೆ ಎತ್ತಿದ ರಭಸಕ್ಕೆ ಬೈಕು ಆ ಕಡೆಗೆ ಮಗುಚಿಕೊಳ್ಳುತ್ತದೆ. ಒಂದನೇ ಗೇರಿನಲ್ಲಿ ಇರಲಿ, ಉರುಳುವುದಿಲ್ಲ. ಹ್ಯಾಂಡಲನ್ನು ಪೂರ್ತಿ ಒಂದು ಕಡೆ ತಿರುಗಿಸಿ, ಕೆಳಗಿರುವ ಹಿಡಿ ಟ್ಯಾಂಕಿಗೆ ಹತ್ತಿರ ಬರಬೇಕು. ಆಮೇಲೆ ಬೈಕಿಗೆ ಬೆನ್ನು ಕೊಟ್ಟು ಸೀಟಿನ ಅಂಚಿಗೆ ಒರಗಿ ಕುಕ್ಕರುಗಾಲಲ್ಲಿ ಕೂರಿ. ಒಂದು ಕೈಯಲ್ಲಿ ಹ್ಯಾಂಡಲಿನ ಹಿಡಿ, ಇನ್ನೊಂದು ಕೈಯಲ್ಲಿ ಹಿಂದಿನ ಗ್ರ್ಯಾಬ್ ರೈಲ್. ಬೆನ್ನು ನೇರ ಇಟ್ಟು, ಕಾಲಿನ ಬಲದಿಂದ ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕೆ ಇಡುತ್ತಾ ಏಳಿ. ಸೊಂಟ ಬಗ್ಗಿಸಿ ಕೈಯಿಂದ ಎಳೆಯಲು ಹೋದರೆ ಬೈಕ್ ಏಳುವುದಿಲ್ಲ, ಸೊಂಟ ಹಿಡಿಯುತ್ತದೆ. ಇಳಿಜಾರಿನ ಕಡೆಗೆ ಬಿದ್ದಿದ್ದರೆ ಮೊದಲು ಬೈಕನ್ನು ನೆಲದ ಮೇಲೇ ಎಳೆದು ಗಾಲಿಗಳು ಇಳಿಜಾರಿನ ಕಡೆ ಬರುವ ಹಾಗೆ ತಿರುಗಿಸಿಕೊಳ್ಳಿ. ಇಷ್ಟೆಲ್ಲ ಮಾಡಬಹುದು, ನಿಜ. ಆದರೆ ಒಣ ನೆಲದಲ್ಲಿ ಮಾತ್ರ. ಜಾರುವ ಕೆಂಪು ಮಣ್ಣಿನಲ್ಲಿ ಹಿಂದಕ್ಕೆ ಇಟ್ಟ ಹೆಜ್ಜೆಯೇ ನಿಲ್ಲುವುದಿಲ್ಲ. ಅಲ್ಲಿ ಒಂದು ಸಲ ಎತ್ತಿದರೆ ಸುಸ್ತು, ಎರಡನೇ ಸಲ ಬಿದ್ದರೆ ಜನ ಕರೆಯಬೇಕು.

ಹಾಗಂತ 450 ಕೆಟ್ಟ ಬೈಕ್ ಅಲ್ಲ. ಅದು ಎಲ್ಲಿ ಗೆಲ್ಲುತ್ತದೆ ಅಂತಲೂ ಹೇಳಬೇಕು.

2023ರ ನವೆಂಬರಿನಲ್ಲಿ ಬಂದ ಈ 450ಕ್ಕೂ 2016ರ ಹಳೆ 411 ಹಿಮಾಲಯನ್‌ಗೂ ಹೆಸರು ಬಿಟ್ಟರೆ ಸಂಬಂಧ ಕಡಿಮೆ. ಹಳೆಯದು ಗಾಳಿ ಮತ್ತು ಆಯಿಲಿನಿಂದ ತಣ್ಣಗಾಗುವ, ಸುಮಾರು 24 ಪಿಎಸ್ (ಹಾರ್ಸ್‌ಪವರಿನ ಹಾಗೆ ಇದೂ ಪವರಿನ ಅಳತೆ) ಪವರಿನ ನಿಧಾನದ ಇಂಜಿನ್. ಹೊಸದು 452 ಸಿಸಿ, ಲಿಕ್ವಿಡ್ ಕೂಲ್ಡ್, 40 ಪಿಎಸ್, 40 ಎನ್‌ಎಂ ಟಾರ್ಕ್ (ಎಳೆಯುವ ಬಲ), 6 ಗೇರು. ಮುಂದೆ ಹಿಂದೆ ಎರಡೂ ಕಡೆ ಸಸ್ಪೆನ್ಷನ್ 200 ಮಿ.ಮೀ. ಚಲಿಸುತ್ತದೆ. ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಬೈಕಿನ ತಳಕ್ಕೂ ಇರುವ ಅಂತರ, 230 ಮಿ.ಮೀ. ಮುಂದಿನ ಗಾಲಿ 21 ಇಂಚು, ಗುಂಡಿಯನ್ನು ದಾಟುವುದರಲ್ಲಿ ಎತ್ತಿದ ಕೈ. ಸಕಲೇಶಪುರದಿಂದ ಬೆಂಗಳೂರಿಗೆ 220 ಕಿ.ಮೀ. ಹತ್ತಿರ. ಹೆಂಡತಿ ಹಿಂದೆ ಕೂತು, ಬ್ಯಾಗು ಕಟ್ಟಿಕೊಂಡು ಈ ದಾರಿ ಹೋಗುವಾಗ 450 ಇಂಜಿನ್ ಏದುಸಿರು ಬಿಡುವುದಿಲ್ಲ. ಲಾರಿ ಹಿಂದೆ ಹಾಕಲು ಗೇರು ಇಳಿಸುವ ಗೋಜೂ ಕಡಿಮೆ. 17 ಲೀಟರ್ ಟ್ಯಾಂಕ್, ನಿಧಾನಕ್ಕೆ ಹೋದರೆ ಹೋಗಿ ಬರುವಷ್ಟು ಪೆಟ್ರೋಲು ಹತ್ತಿರ ಹತ್ತಿರ ಅದರಲ್ಲೇ ಹಿಡಿಯುತ್ತದೆ.

ಆದರೆ ಒಂದು ಮಾತು. ನಾಲ್ಕು ಪಥದ ಹೆದ್ದಾರಿಯಲ್ಲಿ ಬೈಕುಗಳಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಗರಿಷ್ಠ ವೇಗ ಗಂಟೆಗೆ 80 ಕಿ.ಮೀ. ಕೆಟಿಎಂ 46 ಪಿಎಸ್ ಇದೆ, 120ರಲ್ಲಿ ಹಾಯಾಗಿ ಹೋಗುತ್ತದೆ ಅಂತ ಭಾವ ಹೇಳಬಹುದು. ಹೋಗುತ್ತದೆ, ಸುಳ್ಳಲ್ಲ. ಆದರೆ ಹೆಂಡತಿಯನ್ನು ಕೂರಿಸಿಕೊಂಡು ಆ ವೇಗದಲ್ಲಿ ಹೋಗುವ ಅಗತ್ಯ ನಿಮಗಿಲ್ಲ, ಕಾನೂನೂ ಬಿಡುವುದಿಲ್ಲ. ಅಷ್ಟು ಪವರಿಗೆ ದುಡ್ಡು ಕೊಟ್ಟು ಅದನ್ನು ಬಳಸುವ ಜಾಗವೇ ಇಲ್ಲದಿದ್ದರೆ ಏನು ಪ್ರಯೋಜನ?

ಕೆಟಿಎಂ ವಿಷಯ ಬಂತಲ್ಲ, ಅದನ್ನು ಮುಗಿಸಿಬಿಡೋಣ. 2025ರ ಜನವರಿಯಲ್ಲಿ ಬಂದ ಹೊಸ 390 ಅಡ್ವೆಂಚರ್ 183 ಕೆಜಿ, ಹಿಮಾಲಯನ್‌ಗಿಂತ 13 ಕೆಜಿ ಹಗುರ. ಸ್ಪೋಕ್ ಗಾಲಿ ಇದ್ದೂ ಟ್ಯೂಬ್‌ಲೆಸ್ ಟೈರು. ಎಲೆಕ್ಟ್ರಾನಿಕ್ಸ್ ಚೆನ್ನಾಗಿದೆ. ಸೀಟು 830 ಮಿ.ಮೀ. ಅದರ ಇಂಜಿನ್ನಿಗೆ ಜೋರಾಗಿ ತಿರುಗುವುದು ಇಷ್ಟ, ನಡೆಯುವ ವೇಗದಲ್ಲಿ ಕೆಸರು ಏರುವಾಗ ಕ್ಲಚ್ ಆಡಿಸುತ್ತಲೇ ಇರಬೇಕು. ಟಾರು ರಸ್ತೆಯಲ್ಲಿ ಬೈಕ್ ಓಡಿಸಿ ಪಳಗಿದ, ವೇಗ ಇಷ್ಟಪಡುವ, ಕಾಲು ಉದ್ದ ಇರುವವರಿಗೆ ಅದು ಸೊಗಸಾದ ಬೈಕು. ನೀವು ಬರೆದ ಬಳಕೆಗೆ ನಾನು ಅದನ್ನು ಹೇಳುವುದಿಲ್ಲ. ಭಾವನಿಗೆ ಬೇಜಾರು ಮಾಡಿಕೊಳ್ಳಬೇಡಿ ಅಂತ ಹೇಳಿ.

450ರ ಇಂಜಿನ್ನಿಗೂ ಸ್ವಲ್ಪ ಇದೇ ಗುಣ ಇದೆ ಅನ್ನುವುದನ್ನು ಮುಚ್ಚಿಡುವುದಿಲ್ಲ. 3,000 ಆರ್‌ಪಿಎಂ ಒಳಗೆ ಅದು ಗೊಣಗುತ್ತದೆ. ಹಳೆ 411 ತೀರಾ ನಿಧಾನಕ್ಕೆ ತೆವಳಿಕೊಂಡು ಏರು ಹತ್ತುತ್ತಿತ್ತು. ಹೊಸದರಲ್ಲಿ ಅದೇ ಏರನ್ನು ಸ್ವಲ್ಪ ಥ್ರಾಟಲ್ ಕೊಟ್ಟು, ಕ್ಲಚ್ ಅರ್ಧ ಹಿಡಿದು ಹತ್ತಬೇಕು. ಸ್ಪ್ಲೆಂಡರಿನಲ್ಲಿ ಎರಡನೇ ಗೇರಿನಲ್ಲಿ ಹಾಗೇ ಹೊರಳಿಕೊಂಡು ಹೋಗುವ ಅಭ್ಯಾಸ ನಿಮಗಿದ್ದರೆ ಮೊದಲ ಕೆಲವು ವಾರ ಇಂಜಿನ್ ಆಫ್ ಆಗುತ್ತದೆ. ಏರಿನಲ್ಲಿ ಆಫ್ ಆದರೆ ಮೇಲೆ ಹೇಳಿದ ಕಥೆಯೇ.

ಗೆಳೆಯ ಹೇಳಿದ ಎಕ್ಸ್‌ಪಲ್ಸ್‌ನಲ್ಲಿ ಈಗ 210 ಬಂದಿದೆ. ಇದೂ 2025ರ ಜನವರಿಯದ್ದೇ. ಹೀರೋ ಕಂಪನಿಯವರು ತಮ್ಮ ಕರಿಜ್ಮಾ ಎಕ್ಸ್‌ಎಂಆರ್ ಬೈಕಿನ ಇಂಜಿನ್ನನ್ನೇ ಇದಕ್ಕೆ ತಕ್ಕ ಹಾಗೆ ಹೊಂದಿಸಿದ್ದಾರೆ. 24.6 ಪಿಎಸ್, 6 ಗೇರು, 168 ಕೆಜಿ. ಸಸ್ಪೆನ್ಷನ್ ಮುಂದೆ 210 ಮಿ.ಮೀ., ಹಿಂದೆ 205 ಮಿ.ಮೀ. ಅಂದರೆ ಕಾಗದದ ಮೇಲೆ ಹಿಮಾಲಯನ್‌ಗಿಂತ ಜಾಸ್ತಿ. ಸೀಟು 830 ಮಿ.ಮೀ., ಅದು ಮಾತ್ರ ನಿಮಗೆ ಅನುಕೂಲ ಅಲ್ಲ. ಆದರೆ ಸೀಟು ಸಪೂರ ಇರುವುದರಿಂದ ತೊಡೆ ಅಗಲಿಸಬೇಕಾಗಿಲ್ಲ, ಕಾಲು ನೇರ ಕೆಳಗೆ ಇಳಿಯುತ್ತದೆ. 28 ಕೆಜಿ ಕಮ್ಮಿ ಇರುವುದರ ಬೆಲೆ ಕೆಸರಿನಲ್ಲಿ ಗೊತ್ತಾಗುತ್ತದೆ. ಬೆಂಗಳೂರಿಗೆ ಇಬ್ಬರು ಕೂತು 80ರಲ್ಲಿ ಹೋಗಲು ಇದಕ್ಕೆ ಕಷ್ಟ ಇಲ್ಲ. ಟ್ಯಾಂಕು 13 ಲೀಟರ್, ದಾರಿಯಲ್ಲಿ ಬಂಕುಗಳು ಬೇಕಾದಷ್ಟಿವೆ.

ಬೆಲೆಯಲ್ಲೂ ವ್ಯತ್ಯಾಸ ದೊಡ್ಡದು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ 18, ಅದರ ಮೇಲಿನದಕ್ಕೆ ಶೇ 40. ಅದರ ಮೇಲೆ ಕರ್ನಾಟಕದಲ್ಲಿ 1 ಲಕ್ಷ ದಾಟಿದ ಬೈಕಿಗೆ ಆಜೀವ ರಸ್ತೆ ತೆರಿಗೆ ಶೇ 18, ಅದಕ್ಕೆ ಸೆಸ್ ಬೇರೆ. ಆದ್ದರಿಂದ ಎಕ್ಸ್‌ಶೋರೂಂ ಬೆಲೆ ಕೇಳಿ ಲೆಕ್ಕ ಹಾಕಬೇಡಿ, ಆನ್‌ರೋಡ್ ಬೆಲೆ ಬರೆಸಿಕೊಳ್ಳಿ. ಹೆಲ್ಮೆಟ್ ಎರಡು, ಇಬ್ಬರಿಗೂ ಜಾಕೆಟ್ಟು, ಗ್ಲೌಸು, ಮೊಣಕಾಲು ಕವಚ, ಪಾದದ ಗಿಣ್ಣು ಮುಚ್ಚುವ ಬೂಟು, ಇಂಜಿನ್ ಗಾರ್ಡ್. ಇವಕ್ಕೂ ಎತ್ತಿಡಿ. ಎಲ್ಲ ದುಡ್ಡನ್ನೂ ಬೈಕಿಗೇ ಸುರಿದು ಹೆಂಡತಿಗೆ ಅಗ್ಗದ ಹೆಲ್ಮೆಟ್ ಹಾಕಿಸುವವರನ್ನು ನೋಡಿದಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಇನ್ನು ಲಡಾಖ್. ಎಲ್ಲರೂ ಇದನ್ನೇ ಮುಂದಿಟ್ಟುಕೊಂಡು ದೊಡ್ಡ ಬೈಕು ತಗೊಳ್ಳುತ್ತಾರೆ. ಅಲ್ಲಿನ ಖಾರ್ದುಂಗ್ ಲಾ ಅನ್ನುವ ಘಾಟಿ ಸಮುದ್ರ ಮಟ್ಟದಿಂದ 5,359 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ನಮ್ಮ ಕರಾವಳಿಯದ್ದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಗಾಳಿ ಕಮ್ಮಿಯಾದರೆ ಉರಿಯುವ ಪೆಟ್ರೋಲೂ ಕಮ್ಮಿ, ಪವರೂ ಕಮ್ಮಿ. ಫ್ಯುಯೆಲ್ ಇಂಜೆಕ್ಷನ್ ಇದ್ದರೆ ಗಾಳಿಗೆ ತಕ್ಕ ಹಾಗೆ ಪೆಟ್ರೋಲ್ ಹೊಂದಿಸಿಕೊಂಡು ಇಂಜಿನ್ ಸರಿಯಾಗಿ ಓಡುತ್ತದೆ, ಆದರೆ ಇಲ್ಲದ ಗಾಳಿಯನ್ನು ಅದು ಎಲ್ಲಿಂದ ತರಬೇಕು? 40 ಪಿಎಸ್ ಬೈಕು ಅಲ್ಲಿ 22, 23 ಪಿಎಸ್ ಬೈಕಿನ ಹಾಗೆ ಆಗುತ್ತದೆ. 24.6 ಪಿಎಸ್ ಎಕ್ಸ್‌ಪಲ್ಸ್ ಸುಮಾರು 14ಕ್ಕೆ ಇಳಿಯುತ್ತದೆ. ಒಬ್ಬರೇ ಹೋಗುವುದಾದರೆ 14 ಸಾಕು. ಇಬ್ಬರು ಮತ್ತು ಹದಿನೈದು ಇಪ್ಪತ್ತು ಕೆಜಿ ಲಗೇಜು ಅಂದಾಗ ಕಡಿದಾದ ತಿರುವುಗಳಲ್ಲಿ ಒಂದನೇ ಗೇರಿನಲ್ಲೇ ಒದ್ದಾಡಬೇಕು. ಇಲ್ಲಿ 450ಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಹೆಂಡತಿ ಜೊತೆ ಲಡಾಖ್ ಅನ್ನುವುದು ನಿಮ್ಮ ಗಟ್ಟಿ ನಿರ್ಧಾರ ಆಗಿದ್ದರೆ ಈ ಮೂರರಲ್ಲಿ ಹಿಮಾಲಯನ್ನೇ ಮುಂದು.

ಹಾಗಾದರೆ ಏನು ಮಾಡುವುದು? ನಿಮ್ಮ ಪ್ರಶ್ನೆಯಲ್ಲಿ ನಾನು ಒಪ್ಪದೇ ಇರುವುದು ಒಂದೇ ವಿಷಯ. ಸ್ಪ್ಲೆಂಡರನ್ನು ಎಕ್ಸ್‌ಚೇಂಜಿಗೆ ಹಾಕುವುದು. ಹಳೇ ಸ್ಪ್ಲೆಂಡರಿಗೆ ಶೋರೂಂನವರು ಕೊಡುವುದು ಪುಡಿಗಾಸು. ಆದರೆ ಮಳೆಗಾಲದ ನಾಲ್ಕು ತಿಂಗಳು ನಿಮ್ಮ ಆ 3 ಕಿ.ಮೀ. ರಸ್ತೆಗೆ ಅದಕ್ಕಿಂತ ಒಳ್ಳೆ ಗಾಡಿ ಇನ್ನೊಂದಿಲ್ಲ. ಮಲೆನಾಡಿನ ತೋಟಗಳಲ್ಲಿ ಗೊಬ್ಬರದ ಚೀಲ ಕಟ್ಟಿಕೊಂಡು, ಹಾಲಿನ ಕ್ಯಾನು ತೂಗುಹಾಕಿಕೊಂಡು ಓಡಾಡುವುದು ಇದೇ ನೂರು ಸಿಸಿ ಬೈಕುಗಳು ಅಲ್ವಾ? ಹಗುರ ಇದೆ, ಕಾಲು ಸಿಗುತ್ತದೆ, ಬಿದ್ದರೆ ಎತ್ತಬಹುದು, ಲಿವರ್ ಮುರಿದರೆ ಸಂತೆ ದಿನ ಪೇಟೆಯಲ್ಲಿ ಸಿಗುತ್ತದೆ.

ಆದ್ದರಿಂದ ನನ್ನ ಉತ್ತರ ಇದು. ಸ್ಪ್ಲೆಂಡರ್ ಮನೆಯಲ್ಲೇ ಉಳಿಯುತ್ತದೆ ಅನ್ನುವುದಾದರೆ ಹಿಮಾಲಯನ್ 450 ತಗೊಳ್ಳಿ, ಖುಷಿಯಾಗಿ ತಗೊಳ್ಳಿ. ಬೆಂಗಳೂರು, ಲಡಾಖ್, ಬೇಸಿಗೆಯ ಓಡಾಟ ಎಲ್ಲ ಅದರಲ್ಲಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ತೋಟದ ಕೆಲಸಕ್ಕೆ ಸ್ಪ್ಲೆಂಡರ್. ಆ ತಿಂಗಳುಗಳಲ್ಲಿ ಟಾರು ರಸ್ತೆ ಹತ್ತಿರ ಪರಿಚಯದವರ ಮನೆಯ ಶೆಡ್ಡಿನಲ್ಲಿ ದೊಡ್ಡ ಬೈಕ್ ಇಡಲು ಜಾಗ ಸಿಕ್ಕರೆ ಇನ್ನೂ ಒಳ್ಳೆಯದು. ಸ್ಪ್ಲೆಂಡರ್ ಕೊಡಲೇಬೇಕು, ಒಂದೇ ಬೈಕಿನಲ್ಲಿ ಎಲ್ಲ ಆಗಬೇಕು ಅಂದರೆ ಗೆಳೆಯನ ಮಾತು ಕೇಳಿ. ಎಕ್ಸ್‌ಪಲ್ಸ್ 210 ತಗೊಳ್ಳಿ. ಲಡಾಖ್‌ಗೆ ಹೋಗುವಾಗ ಮನಾಲಿಯಲ್ಲೋ ಲೇಹ್‌ನಲ್ಲೋ ದೊಡ್ಡ ಬೈಕು ಬಾಡಿಗೆಗೆ ಸಿಗುತ್ತದೆ. ಜೀವನದಲ್ಲಿ ಒಮ್ಮೆ ಮಾಡುವ ಪ್ರವಾಸಕ್ಕಾಗಿ ದಿನಾ ಓಡಿಸುವ ಬೈಕನ್ನು ಆರಿಸಬೇಡಿ.

450 ಅಂತ ತೀರ್ಮಾನವಾದರೆ ಬುಕ್ ಮಾಡುವ ಮೊದಲು ಕೆಲವು ಕೆಲಸ ಇವೆ.

ಗಾಲಿ ನೋಡಿ. ಮೊದಲು ಬಂದ 450ಗಳಲ್ಲಿ ಟ್ಯೂಬ್ ಇರುವ ಟೈರು. ಆಮೇಲೆ ಟ್ಯೂಬ್‌ಲೆಸ್ ಸ್ಪೋಕ್ ಗಾಲಿ ಬಂತು. ಟ್ಯೂಬ್ ಇದ್ದರೆ ಪಂಕ್ಚರ್ ಆದಾಗ ಗಾಲಿ ಬಿಚ್ಚಬೇಕು, ಟೈರು ಕೀಳಬೇಕು, ತೋಟದ ದಾರಿಯಲ್ಲಿ ಅದು ಅರ್ಧ ದಿನದ ಕೆಲಸ. ಟ್ಯೂಬ್‌ಲೆಸ್‌ನಲ್ಲಿ ಮೊಳೆ ಕಿತ್ತು ರಬ್ಬರ್ ಪಟ್ಟಿ ತುರುಕಿ ಗಾಳಿ ತುಂಬಿದರೆ ಆಯಿತು. ದುಡ್ಡು ಸ್ವಲ್ಪ ಜಾಸ್ತಿ ಆದರೂ ಅದನ್ನೇ ತಗೊಳ್ಳಿ. ಇಲ್ಲಿ ಜಿಪುಣತನ ಬೇಡ.

ಸೀಟು. ಕಂಪನಿಯೇ ಕೊಡುವ ತಗ್ಗು ಸೀಟು ಹಾಕಿಸಿದರೆ 805 ಮಿ.ಮೀ.ಗೆ ಇಳಿಯುತ್ತದೆ. 2 ಸೆಂ.ಮೀ. ಏನು ಮಹಾ ಅನ್ನಿಸಬಹುದು. ಪಾದದ ಮುಂಭಾಗ ಬರೀ ತಾಗುವುದಕ್ಕೂ ಅದನ್ನು ಗಟ್ಟಿಯಾಗಿ ಊರುವುದಕ್ಕೂ ಇರುವ ವ್ಯತ್ಯಾಸ ಅಷ್ಟೇ. ಯಾರಾದರೂ ಲೋವರಿಂಗ್ ಲಿಂಕ್ (ಬೈಕಿನ ಹಿಂಭಾಗವನ್ನು ತಗ್ಗಿಸುವ ಬಿಡಿಭಾಗ) ಹಾಕಿಸಿ, ಇನ್ನೂ ಇಳಿಸಿಕೊಡುತ್ತೇವೆ ಅಂದರೆ ಬೇಡ ಅನ್ನಿ. ಹಿಂಭಾಗ ಇಳಿದರೆ ಗ್ರೌಂಡ್ ಕ್ಲಿಯರೆನ್ಸ್ ಹೋಗುತ್ತದೆ, ಮುಂಭಾಗ ಎತ್ತರವೇ ಉಳಿದು ತಿರುವಿನಲ್ಲಿ ಬೈಕು ಭಾರ ಅನ್ನಿಸುತ್ತದೆ, ಸೈಡ್ ಸ್ಟ್ಯಾಂಡ್ ಉದ್ದವಾಗಿ ಬೈಕು ನೆಟ್ಟಗೆ ನಿಂತು ಸಣ್ಣ ಗಾಳಿಗೂ ಆ ಕಡೆ ಬೀಳುತ್ತದೆ. ಇದಕ್ಕಿಂತ ನಿಲ್ಲಿಸುವ ರೀತಿ ಕಲಿಯುವುದು ಮೇಲು. ಎರಡೂ ಕಾಲು ಊರಬೇಕಾಗಿಲ್ಲ. ನಿಲ್ಲಿಸುವ ಮೊದಲೇ ಸೊಂಟವನ್ನು ಎಡಕ್ಕೆ ಜಾರಿಸಿ ಎಡಗಾಲು ಮಾತ್ರ ಗಟ್ಟಿಯಾಗಿ ಊರಿ. ಬಲಗಾಲು ಬ್ರೇಕಿನ ಮೇಲೇ ಇರಲಿ. ರಸ್ತೆ ಒಂದು ಕಡೆ ಇಳಿಜಾರಿದ್ದರೆ ಎತ್ತರ ಇರುವ ಕಡೆಯ ಕಾಲನ್ನೇ ಊರಿ. ಎಲ್ಲಿ ನಿಲ್ಲಿಸಬೇಕು ಅಂತ ಹತ್ತು ಅಡಿ ಮೊದಲೇ ನೋಡಿಟ್ಟುಕೊಳ್ಳುವುದು ಅಭ್ಯಾಸ ಆಗಬೇಕು.

ಟೆಸ್ಟ್ ರೈಡನ್ನು ಶೋರೂಂ ಸುತ್ತ ಮುಗಿಸಬೇಡಿ. 450 ಇರುವ ಪರಿಚಯದವರನ್ನು ಒಂದು ಭಾನುವಾರ ಊಟಕ್ಕೆ ಕರೆದು, ಅವರ ಬೈಕನ್ನು ನಿಮ್ಮ ತೋಟದ ರಸ್ತೆಯಲ್ಲೇ ಓಡಿಸಿ ನೋಡಿ. ಅತಿ ಕಡಿದಾದ ಏರಿನ ನಡುವೆ ಬೇಕಂತಲೇ ನಿಲ್ಲಿಸಿ, ಮತ್ತೆ ಹೊರಡಿಸಿ. ಆಮೇಲೆ ಅಲ್ಲೇ ತಿರುಗಿಸಿ ಕೆಳಗೆ ಬನ್ನಿ. ಹೆಂಡತಿಯನ್ನೂ ಹಿಂದೆ ಕೂರಿಸಿ ನೋಡಿ. ಹಿಂದಿನ ಸೀಟು ಎತ್ತರ, ಸೀರೆ ಉಟ್ಟು ಹತ್ತಿ ಇಳಿಯುವುದು ಸುಲಭ ಇಲ್ಲ. ಬೆಂಗಳೂರಿನವರೆಗೆ ಅವರೂ ಕೂರಬೇಕಲ್ಲ. ಅವರಿಗೆ ಸರಿ ಅನ್ನಿಸದಿದ್ದರೆ ಬೇರೆ ಲೆಕ್ಕವೆಲ್ಲ ವ್ಯರ್ಥ.

ತಗೊಂಡ ಮೇಲೆ ಮಣ್ಣಿಗೆ ಇಳಿಯುವಾಗ ಹಿಂದಿನ ಎಬಿಎಸ್ (ಬ್ರೇಕ್ ಒತ್ತಿದಾಗ ಗಾಲಿ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಆಫ್ ಮಾಡಿಕೊಳ್ಳಿ, 450ರಲ್ಲಿ ಅದಕ್ಕೆ ಅವಕಾಶ ಇದೆ. ಸಡಿಲ ಮಣ್ಣಿನ ಇಳಿಜಾರಿನಲ್ಲಿ ಎಬಿಎಸ್ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುತ್ತದೆ, ಬೈಕ್ ನಿಲ್ಲುವುದೇ ಇಲ್ಲವೇನೋ ಅನ್ನಿಸಿ ಗಾಬರಿಯಾಗುತ್ತದೆ. ಒಂದನೇ ಗೇರಿನಲ್ಲಿ ಇಂಜಿನ್ ಬ್ರೇಕಿನ ಮೇಲೆ, ಅಂದರೆ ಥ್ರಾಟಲ್ ಬಿಟ್ಟಾಗ ಇಂಜಿನ್ ಕೊಡುವ ತಡೆಯ ಮೇಲೆ ಇಳಿಯಿರಿ, ಹಿಂದಿನ ಬ್ರೇಕನ್ನು ಮೆತ್ತಗೆ ಒತ್ತಿ. ಟಾರಿಗೆ ಬಂದ ಕೂಡಲೇ ಎಬಿಎಸ್ ಮತ್ತೆ ಆನ್ ಆಗಿದೆಯಾ ನೋಡಿ. ಶಿರಾಡಿ ಕಡೆ ಮಳೆಯಲ್ಲಿ ಹೋಗುವುದಿದ್ದರೆ ಇದು ಇನ್ನೂ ಮುಖ್ಯ. ಕಾಂಕ್ರೀಟ್ ಒದ್ದೆ ಇರುತ್ತದೆ, ಟ್ಯಾಂಕರ್ ಲಾರಿಗಳ ಡೀಸೆಲ್ ಚೆಲ್ಲಿರುತ್ತದೆ, 21 ಇಂಚಿನ ಸಪೂರ ಮುಂದಿನ ಟೈರಿಗೆ ಅಲ್ಲಿ ಹಿಡಿತ ಕಮ್ಮಿ.

ಇದು ಲಿಕ್ವಿಡ್ ಕೂಲ್ಡ್ ಇಂಜಿನ್ ಅನ್ನುವುದನ್ನು ಮರೆಯಬೇಡಿ. ನಿಮ್ಮ ಸ್ಪ್ಲೆಂಡರಿಗೆ ರೇಡಿಯೇಟರ್ ಇರಲಿಲ್ಲ. ಮುಂದಿನ ಗಾಲಿ ಎರಚಿದ ಕೆಂಪು ಮಣ್ಣು ರೇಡಿಯೇಟರಿನ ಸಂದಿಯಲ್ಲಿ ಕೂತು ಒಣಗಿದರೆ ಗಾಳಿ ಆಡುವುದಿಲ್ಲ, ಇಂಜಿನ್ ಕಾಯುತ್ತದೆ, ಫ್ಯಾನ್ ಸುತ್ತುತ್ತಲೇ ಇರುತ್ತದೆ. ಮಣ್ಣು ಹಸಿ ಇರುವಾಗಲೇ ತೋಟದ ಪೈಪಿನಲ್ಲಿ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ವಾಟರ್ ಸರ್ವಿಸಿನ ಪ್ರೆಶರ್ ಗನ್ ಹತ್ತಿರ ಹಿಡಿದರೆ ಅದರ ತೆಳು ಎಲೆಗಳು ಮಡಚಿಹೋಗುತ್ತವೆ. ಚೈನನ್ನೂ ಮಳೆಗಾಲದಲ್ಲಿ ಓಡಿಸಿದ ದಿನ ರಾತ್ರಿಯೇ ಒರೆಸಿ ಲ್ಯೂಬ್ ಹಾಕಿ, ಬೆಳಿಗ್ಗೆ ನೋಡೋಣ ಅಂದರೆ ತುಕ್ಕು ಬಂದಿರುತ್ತದೆ. ಸೈಡ್ ಸ್ಟ್ಯಾಂಡಿನ ಕೆಳಗೆ ಇಡಲು ಅಂಗೈ ಅಗಲದ ಹಲಗೆ ತುಂಡೊಂದನ್ನು ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ನೆನೆದ ಮಣ್ಣಿನಲ್ಲಿ 196 ಕೆಜಿ ಹೊತ್ತ ಸ್ಟ್ಯಾಂಡ್ ಹೂತುಹೋಗುತ್ತದೆ.